ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಸಾಕಲ್ವಾ?

ಕಡಿಮೆ ಬಜೆಟ್‌ನಲ್ಲಿ ಕಂಪ್ಯೂಟರ್ ಜೋಡಿಸುವವರ ಪ್ರಶ್ನೆಗಳು ಈ ಸಲವೂ ತುಂಬಾ ಬಂದಿವೆ. ಅರ್ಧಕ್ಕರ್ಧ ಒಂದೇ ಪ್ರಶ್ನೆ, ಬೇರೆ ಬೇರೆ ಮಾತಿನಲ್ಲಿ: ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ವೋಲ್ಟೇಜ್‌ಗೆ ಇಳಿಸಿ ಕೊಡುವ ಡಬ್ಬ, ಸಾಕಲ್ವಾ ಎಂದು. ಇದಕ್ಕೆ ಹಿಂದೆಯೂ ಉತ್ತರ ಬರೆದಿದ್ದೇನೆ. ಆದರೂ ಸತ್ತ ಮದರ್‌ಬೋರ್ಡ್‌ಗಳು ರಿಪೇರಿಗೆ ಬರುವುದು ನಿಂತಿಲ್ಲ. ಹಾಗಾಗಿ ಈ ಸಲ ಜಾಗದ ಬಹುಪಾಲು ಅದಕ್ಕೇ. ಪ್ರೊಸೆಸರ್ ಅಂದರೇನು, ರ‍್ಯಾಮ್ ಅಂದರೇನು ಎಂದು ವಿವರಿಸುತ್ತಾ ಕೂರುವುದಿಲ್ಲ. ಅಂಗಡಿಗೆ ಹೊರಟು ನಿಂತವರಿಗೆ ಅಷ್ಟು ಗೊತ್ತಿರುತ್ತದೆ.

ಪ್ರಶ್ನೆ: ಮಗಳ ಇಂಜಿನಿಯರಿಂಗ್ ಓದಿಗೆ ಕಂಪ್ಯೂಟರ್ ಬೇಕು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಟೇಶನ್ ತಂದಿದ್ದೇನೆ. ಐ3-12100 ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ. ಕ್ಯಾಬಿನೆಟ್ ಜೊತೆಗೇ 450 ವ್ಯಾಟ್ ಎಸ್‌ಎಂಪಿಎಸ್ ಕೊಡುತ್ತಾರಂತೆ. ಮುಂದಿನ ವರ್ಷ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಯೋಚನೆ ಇದೆ. ಬ್ರ್ಯಾಂಡೆಡ್ ಎಸ್‌ಎಂಪಿಎಸ್‌ಗೆ ಬೇರೆ ದುಡ್ಡು ಕೊಡುವ ಬದಲು ಅದೇ ದುಡ್ಡಲ್ಲಿ ಐ5 ತಗೊಳ್ಳಬಹುದಲ್ವಾ? (ಹಾಸನದ ಓದುಗರು)

ಬೇಡ ಸರ್. ಐ3 ಇರಲಿ. 4 ಕೋರ್, 8 ಥ್ರೆಡ್ ಇರುವ 12100 ನಿಮ್ಮ ಮಗಳ ಕೋಡಿಂಗ್‌ಗೂ ಸಾಮಾನ್ಯ ಕ್ಯಾಡ್ ಕೆಲಸಕ್ಕೂ ಸಾಕು. ಪ್ರೊಸೆಸರ್ ಸಾಲದಿದ್ದರೆ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಎಸ್‌ಎಂಪಿಎಸ್ ಕೆಟ್ಟದಾಗಿದ್ದರೆ ಅದು ಒಬ್ಬಂಟಿಯಾಗಿ ಹೋಗುವುದಿಲ್ಲ. ಮದರ್‌ಬೋರ್ಡನ್ನೋ ಎಸ್‌ಎಸ್‌ಡಿಯನ್ನೋ ಕರೆದುಕೊಂಡೇ ಹೋಗುತ್ತದೆ.

ಮೊದಲು ಆ "450 ವ್ಯಾಟ್" ಎಂಬ ಅಕ್ಷರವನ್ನು ನಂಬುವುದು ಬಿಡಿ. ಡಬ್ಬದ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಪ್ಲಸ್ 12 ವೋಲ್ಟ್ ಎಂಬ ಕಾಲಂ ನೋಡಿ, ಕೆಳಗೆ ಎಷ್ಟು ಆಂಪ್ ಎಂದು ಬರೆದಿರುತ್ತಾರೆ. 12ರಿಂದ ಗುಣಿಸಿ. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಹೆಚ್ಚುಕಡಿಮೆ ಪೂರ್ತಿ ಈ 12 ವೋಲ್ಟ್ ಲೈನಿನಿಂದಲೇ. ಲೋಕಲ್ ಮಾಲಿನಲ್ಲಿ ಅಲ್ಲಿ 16 ಆಂಪ್ ಎಂದಿದ್ದರೆ, 12 ಗುಣಿಸು 16, ಅಂದರೆ 192 ವ್ಯಾಟ್. ಇದು ಅವರೇ ಬರೆದುಕೊಂಡ ಲೆಕ್ಕ. ನಿಜವಾಗಿ ಅಷ್ಟು ಕೊಡುತ್ತದೆ ಎಂಬ ಭರವಸೆ ಅದಕ್ಕೂ ಇಲ್ಲ. ಸರಿಯಾದ 450 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಈ ಜಾಗದಲ್ಲಿ 35 ಆಂಪ್ ಆಸುಪಾಸು ಇರುತ್ತದೆ.

ಈಗ ನಿಮ್ಮ ಕಂಪ್ಯೂಟರ್‌ಗೆ ಎಷ್ಟು ಬೇಕು ನೋಡೋಣ. 12100ರ ಗರಿಷ್ಠ 89 ವ್ಯಾಟ್. ಆರ್‌ಎಕ್ಸ್ 6600 ಕಾರ್ಡ್‌ಗೆ 132. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ ಇನ್ನೊಂದು 40–50 ಇಟ್ಟುಕೊಳ್ಳಿ. ಒಟ್ಟು 270ರ ಹತ್ತಿರ. 192ರ ಡಬ್ಬ ಇದನ್ನು ಎಲ್ಲಿಂದ ತಂದು ಕೊಡುತ್ತದೆ? ಅದಕ್ಕೇ ಗೇಮ್ ಶುರುವಾದ ಕೂಡಲೇ ಕಂಪ್ಯೂಟರ್ ಆಫ್ ಆಗುವುದು. ಜನ ವಿಂಡೋಸ್ ಮತ್ತೆ ಮತ್ತೆ ಹಾಕಿಸುತ್ತಾರೆ, ರ‍್ಯಾಮ್ ಬದಲಿಸುತ್ತಾರೆ, ಆಂಟಿವೈರಸ್ ಕೊಳ್ಳುತ್ತಾರೆ. ತಪ್ಪು ಇರುವುದು ಇಲ್ಲಿ.

ಹಾಗಂತ 750 ವ್ಯಾಟ್ ತಗೊಳ್ಳಿ ಎನ್ನುವವರ ಮಾತೂ ಕೇಳಬೇಡಿ. 6600 ಕಾರ್ಡ್‌ಗೆ ತಯಾರಕರೇ ಹೇಳುವುದು ಕನಿಷ್ಠ 450. ನಿಮಗೆ ಒಳ್ಳೆಯ 450 ಅಥವಾ 550 ಸಾಕು.

"ನಂದು ಬರೀ ಟೈಪಿಂಗ್, ಬ್ರೌಸಿಂಗ್, ಗ್ರಾಫಿಕ್ಸ್ ಕಾರ್ಡ್ ಇಲ್ಲವೇ ಇಲ್ಲ, ಆಗಲಾದರೂ ಲೋಕಲ್ ಸಾಕಲ್ವಾ" ಎಂದು ತುಂಬಾ ಜನ ಕೇಳಿದ್ದಾರೆ. ಅಂಥ ಕಂಪ್ಯೂಟರ್ 100 ವ್ಯಾಟ್ ಕೂಡ ಎಳೆಯುವುದಿಲ್ಲ, ನಿಜ. ಕೆಲವು ವರ್ಷ ಓಡಲೂಬಹುದು. ಆದರೆ ನನ್ನ ಚಿಂತೆ ವ್ಯಾಟ್ ಒಂದೇ ಅಲ್ಲ. 12 ವೋಲ್ಟ್ ಅಂದರೆ 11.4ರಿಂದ 12.6ರ ಒಳಗೆ ಇರಬೇಕು, ಅದು ನಿಯಮ. ಶಾರ್ಟ್ ಆದರೆ, ವೋಲ್ಟೇಜ್ ಏರಿದರೆ, ಲೋಡ್ ಜಾಸ್ತಿಯಾದರೆ ತಾನಾಗಿ ಕಟ್ ಆಗಬೇಕು. ತೀರಾ ಅಗ್ಗದ ಡಬ್ಬಗಳಲ್ಲಿ ದುಡ್ಡು ಉಳಿಸುವುದು ಈ ರಕ್ಷಣೆಯ ಪಾರ್ಟ್‌ಗಳಲ್ಲೇ.

ಹಳ್ಳಿ, ತಾಲ್ಲೂಕು ಊರುಗಳಲ್ಲಿ ಇರುವವರು ಇನ್ನೂ ಒಂದು ವಿಷಯ ನೋಡಬೇಕು. ಸಂಜೆ ಪಂಪ್‌ಸೆಟ್‌ಗಳು ಶುರುವಾದರೆ ವೋಲ್ಟೇಜ್ 170ಕ್ಕೆ ಇಳಿಯುವ ಊರುಗಳಿವೆ. ಸ್ಟಿಕ್ಕರ್‌ನಲ್ಲಿ ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಅದು ಇಂಥ ಲೋ ವೋಲ್ಟೇಜ್ ತಡೆದುಕೊಳ್ಳುತ್ತದೆ. 200–240 ಎಂದಷ್ಟೇ ಇದ್ದರೆ ಲೈಟ್ ಡಿಮ್ ಆದಾಗಲೆಲ್ಲ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಬ್ರ್ಯಾಂಡೆಡ್‌ನಲ್ಲೂ ಅಗ್ಗದ ಮಾಡೆಲ್‌ಗಳು ಹೀಗಿರುತ್ತವೆ. ಹೆಸರು ನೋಡಿ ಸುಮ್ನೆ ತಗೊಂಡು ಬರಬೇಡಿ, ಸ್ಟಿಕ್ಕರ್ ಓದಿ. 80 ಪ್ಲಸ್ ಬ್ರಾಂಜ್ ಎಂಬ ಮುದ್ರೆ ಇದ್ದರೆ ಒಳ್ಳೆಯದು. ಆದರೆ ಅದು ಎಷ್ಟು ಕರೆಂಟ್ ವ್ಯರ್ಥವಾಗದೆ ಸಿಗುತ್ತದೆ ಎಂಬುದರ ಅಳತೆ ಮಾತ್ರ, ಸುರಕ್ಷತೆಯ ಸರ್ಟಿಫಿಕೇಟ್ ಅಲ್ಲ. ನಾನು ಅದರ ಜೊತೆಗೆ ವಾರಂಟಿ ಎಷ್ಟು ವರ್ಷ ಎಂದು ನೋಡುತ್ತೇನೆ. 5 ವರ್ಷ ಕೊಡುವ ಕಂಪನಿ ಒಳಗೆ ಏನು ಹಾಕಿದ್ದೇನೆ ಎಂದು ಯೋಚಿಸಿರುತ್ತದೆ.

ಇನ್ನು ಮೆಕ್ಯಾನಿಕ್‌ಗಳು ಹಬ್ಬಿಸುವ ಸುಳ್ಳುಗಳು. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡ್‌ಗೆ ಹೋಗುವ ಕನೆಕ್ಟರ್‌ನ ಹಸಿರು ವೈರ್‌ಗೂ ಕಪ್ಪು ವೈರ್‌ಗೂ ಪೇಪರ್ ಕ್ಲಿಪ್ ಸಿಕ್ಕಿಸಿ, ಫ್ಯಾನ್ ತಿರುಗಿದ್ದು ತೋರಿಸಿ, "ಎಸ್‌ಎಂಪಿಎಸ್ ಓಕೆ ಸರ್, ಬೋರ್ಡ್ ಹೋಗಿದೆ" ಅನ್ನುತ್ತಾರೆ. ಅದರಿಂದ ಗೊತ್ತಾಗುವುದು ಆನ್ ಆಗುತ್ತದೆ ಎಂಬುದು ಮಾತ್ರ. ಲೋಡ್ ಬಿದ್ದಾಗ ವೋಲ್ಟೇಜ್ ನಿಲ್ಲುತ್ತದೋ ಇಲ್ಲವೋ ಅದು ಹೇಳುವುದಿಲ್ಲ. ಅಷ್ಟು ನೋಡಿ ಹೊಸ ಬೋರ್ಡ್ ಕೊಳ್ಳಬೇಡಿ. ಇನ್ನೊಂದು, "ತೂಕ ಇದ್ದರೆ ಒಳ್ಳೆಯದು" ಎಂಬ ಮಾತು. ತೂಕಕ್ಕೆಂದೇ ಒಳಗೆ ಕಬ್ಬಿಣದ ತುಂಡು ಕೂರಿಸಿದ ಮಾಲೂ ಇದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಇದು: "ಬ್ರ್ಯಾಂಡೆಡ್ ಹಾಕಿಸಿದ ಮೇಲೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಲೋಕಲ್ ಇದ್ದಾಗ ಹಾಗಿರಲಿಲ್ಲ. ಅಂಗಡಿಯವರು ಲೋಕಲೇ ವಾಪಸ್ ಹಾಕ್ತೀನಿ ಅಂತಾರೆ." ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಒಳ್ಳೆಯ ಎಸ್‌ಎಂಪಿಎಸ್‌ನ ಒಳಗೆ ಕರೆಂಟ್ ಬರುವ ಜಾಗದಲ್ಲಿ ಒಂದು ಫಿಲ್ಟರ್ ಇರುತ್ತದೆ. ಅದರ ಎರಡು ಪುಟ್ಟ ಕೆಪಾಸಿಟರ್‌ಗಳು ಕ್ಯಾಬಿನೆಟ್‌ನ ಲೋಹಕ್ಕೆ ಜೋಡಿಸಿರುತ್ತವೆ. ಅಲ್ಲಿಂದ ಬರುವ ಅತಿ ಸಣ್ಣ ಕರೆಂಟ್ ಅರ್ತಿಂಗ್ ಮೂಲಕ ನೆಲಕ್ಕೆ ಹೋಗಬೇಕು. ನಿಮ್ಮ ಮನೆಯಲ್ಲಿ ಅರ್ತಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ಕೂತಿರುತ್ತದೆ. ಕರೆಂಟ್ ಸಣ್ಣದಾದ್ದರಿಂದ ಜುಮ್ ಅನ್ನುತ್ತದೆ. ಲೋಕಲ್ ಡಬ್ಬಗಳಲ್ಲಿ ಎಷ್ಟೋ ಸಲ ಈ ಫಿಲ್ಟರೇ ಇರುವುದಿಲ್ಲ. ಜುಮ್ ಅನ್ನದಿದ್ದದ್ದು ಅದಕ್ಕೇ. ಹೊಸ ಎಸ್‌ಎಂಪಿಎಸ್ ನಿಮ್ಮ ಮನೆಯ ವೈರಿಂಗ್‌ನ ತಪ್ಪನ್ನು ತೋರಿಸಿಕೊಟ್ಟಿದೆ. ಅದನ್ನು ಕಿತ್ತು ಹಾಕಿದರೆ ತಪ್ಪು ಹಾಗೇ ಉಳಿಯುತ್ತದೆ, ನಾಳೆ ಗೀಸರ್‌ನಲ್ಲೋ ವಾಷಿಂಗ್ ಮಷೀನ್‌ನಲ್ಲೋ ಜೀವಕ್ಕೇ ಕುತ್ತಾಗುತ್ತದೆ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಮಾಡಿಸಿ. ಅರ್ತ್ ವೈರನ್ನು ನಲ್ಲಿ ಪೈಪಿಗೆ ಸುತ್ತುವುದು ಬೇಡ. ತ್ರೀ ಪಿನ್ ಸಾಕೆಟ್‌ನ ಒಳಗೆ ಅರ್ತ್‌ಗೂ ನ್ಯೂಟ್ರಲ್‌ಗೂ ಒಂದು ತುಂಡು ವೈರ್ ಕೂಡಿಸಿ "ಆಯ್ತು ಸರ್" ಎನ್ನುವವರಿದ್ದಾರೆ. ಇದು ಕೊಲ್ಲುವ ಕೆಲಸ. ನ್ಯೂಟ್ರಲ್ ಕಟ್ ಆದ ದಿನ ಇಡೀ ಕ್ಯಾಬಿನೆಟ್‌ಗೆ ಲೈನ್ ಕರೆಂಟ್ ಬರುತ್ತದೆ. ಹಾಗೆಯೇ, ಜುಮ್ ಅನ್ನುವುದಲ್ಲ, ಜೋರಾಗಿ ಹೊಡೆಯುತ್ತದೆ ಎಂದಾದರೆ ಪ್ಲಗ್ ಕಿತ್ತಿಡಿ. ಅದು ಬೇರೆ ದೋಷ. ಯಾವ ಕಾರಣಕ್ಕೂ ಎಸ್‌ಎಂಪಿಎಸ್ ಬಿಚ್ಚಿ ನೋಡಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ನಿಂತಿರಬಹುದು.

ಕೊನೆಯದಾಗಿ ಕನೆಕ್ಟರ್. ಗ್ರಾಫಿಕ್ಸ್ ಕಾರ್ಡ್ ಹಾಕಿಸುವಾಗ ಅದಕ್ಕೆ ಬೇಕಾದ 8 ಪಿನ್ ವೈರ್ ಎಸ್‌ಎಂಪಿಎಸ್‌ನಿಂದಲೇ ಬರಬೇಕು. ಹಳೆಯ ಮಾದರಿಯ 4 ಪಿನ್ ಮೋಲೆಕ್ಸ್ ಕನೆಕ್ಟರ್‌ಗೆ ಕನ್ವರ್ಟರ್ ಸಿಕ್ಕಿಸಿ ಕೊಡುತ್ತಾರೆ, ತಗೊಳ್ಳಬೇಡಿ. ಕರಗಿ ಅಂಟಿಕೊಂಡ ಕನೆಕ್ಟರ್‌ಗಳನ್ನು ಕತ್ತರಿಸಿ ತೆಗೆದು ಸಾಕಾಗಿದೆ.

ಬಜೆಟ್ ಸಾಲದೇ ಹೋದರೆ ಕ್ಯಾಬಿನೆಟ್ ಅಗ್ಗದ್ದು ತಗೊಳ್ಳಿ. ಗ್ರಾಫಿಕ್ಸ್ ಕಾರ್ಡ್ ಹೇಗೂ ಮುಂದಿನ ವರ್ಷಕ್ಕೆ ಅಂದಿದ್ದೀರಿ, ಸರಿಯಾಗೇ ಇದೆ. ರ‍್ಯಾಮ್ ಸದ್ಯಕ್ಕೆ 8 ಜಿಬಿ ಒಂದೇ ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿಸಿ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು, ಅದರ ಹೊಡೆತ ನಿಮ್ಮ ಕೊಟೇಶನ್‌ನಲ್ಲೂ ಕಾಣುತ್ತಿರಬೇಕು. ಇವೆಲ್ಲ ಆಮೇಲೆ ಸರಿಮಾಡಿಕೊಳ್ಳಬಹುದಾದ ಕೊರತೆಗಳು.

ಪ್ರಶ್ನೆ: ಐ7, 16 ಜಿಬಿ ರ‍್ಯಾಮ್ ಇರುವ ಕಂಪ್ಯೂಟರ್ 15 ಸಾವಿರಕ್ಕೆ ಕೊಡುತ್ತಿದ್ದಾರೆ. ತಗೊಳ್ಳಲಾ? (ಮಂಡ್ಯದ ವಿದ್ಯಾರ್ಥಿ)

ಐ7 ಎಂದ ಮೇಲೆ ಮುಂದಿನ ಸಂಖ್ಯೆ ಏನು ಎಂದು ಕೇಳಿದ್ದೀಯಾ? ಐ7-2600 ಎಂದಿದ್ದರೆ ಅದು 2011ರ, 2ನೇ ತಲೆಮಾರಿನ ಪ್ರೊಸೆಸರ್. ಮೇಲಿನ ಪ್ರಶ್ನೆಯ ಐ3 ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚಿನದು ಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮದರ್‌ಬೋರ್ಡ್ ಹೊಸದಾಗಿ ಹೊಳೆಯುತ್ತಿದ್ದರೂ ಮೋಸ ಹೋಗಬೇಡ. ಆ ಹಳೆಯ ಪ್ರೊಸೆಸರ್‌ಗಳಿಗೆಂದೇ ಅಗ್ಗದ ಹೊಸ ಬೋರ್ಡ್‌ಗಳು ಬರುತ್ತವೆ. "ಐ7" ಎಂದಷ್ಟೇ ಅಂಗಡಿ ಮುಂದೆ ಬರೆದು ಹಾಕಿ ಹುಡುಗರಿಗೆ ಮಾರುವುದು ಮೋಸವೇ.

ಪ್ರಶ್ನೆ: ಐ3-12100ಎಫ್ ಅಗ್ಗಕ್ಕೆ ಸಿಗುತ್ತಿದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅದನ್ನೇ ಹಾಕಿಸಬಹುದಾ?

"ಎಫ್" ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ.

ಪ್ರಶ್ನೆ: ರೈಜನ್ 5600ಜಿ ಪ್ರೊಸೆಸರ್ ತಗೊಂಡಿದ್ದೇನೆ. 16 ಜಿಬಿ ಒಂದೇ ರ‍್ಯಾಮ್ ಹಾಕಲಾ, 8 ಜಿಬಿಯ ಎರಡಾ?

ಎರಡು. ಅದರೊಳಗಿನ ಗ್ರಾಫಿಕ್ಸ್ ನಡೆಯುವುದು ರ‍್ಯಾಮ್‌ನ ವೇಗದ ಮೇಲೆ, ಎರಡಿದ್ದರೆ ಆ ವೇಗ ಹೆಚ್ಚು. ಒಂದೇ ಹಾಕಿದರೆ ಗೇಮ್‌ನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಪ್ರೊಸೆಸರ್‌ನ ಬಿಸಿ ಕೂಲರ್‌ಗೆ ದಾಟಲು ಹಚ್ಚುವ ಥರ್ಮಲ್ ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಿದರೆ ನಡೆಯುತ್ತೆ ಎಂದು ವಿಡಿಯೊದಲ್ಲಿ ನೋಡಿದೆ.

ಒಣಗಿ ಪುಡಿಯಾಗುತ್ತದೆ, ಪ್ರೊಸೆಸರ್ ಬಿಸಿಯಾಗುತ್ತದೆ. ಒಂದು ಸಣ್ಣ ಟ್ಯೂಬ್ ಥರ್ಮಲ್ ಪೇಸ್ಟ್ ತಗೊಳ್ಳಿ.

ಪ್ರಶ್ನೆ: 2 ಟಿಬಿ ಎಸ್‌ಎಸ್‌ಡಿ ಆನ್‌ಲೈನ್‌ನಲ್ಲಿ 1,200 ರೂಪಾಯಿ. ನಂಬಬಹುದಾ?

ಇಲ್ಲ. 2 ಟಿಬಿ ಎಂದು ಸುಳ್ಳು ತೋರಿಸುವ ಸಣ್ಣ ಮೆಮೊರಿ ಇರುತ್ತದೆ. ತುಂಬಿದ ಮೇಲೆ ಹಾಕಿದ ಫೋಟೊಗಳೆಲ್ಲ ಹಾಳು.

ಪ್ರಶ್ನೆ: ಮುಂದೆ ಪೂರ್ತಿ ಗಾಜು, ನಾಲ್ಕು ಬಣ್ಣದ ಫ್ಯಾನ್ ಇರುವ ಕ್ಯಾಬಿನೆಟ್ ಚೆನ್ನಾಗಿದೆಯಾ?

ಮುಂದೆ ಜಾಲರಿ ಇರುವುದು ತಗೊಳ್ಳಿ, ಗಾಳಿ ಒಳಗೆ ಹೋಗಬೇಕಲ್ವಾ.

ಪ್ರಶ್ನೆ: ಬಿಲ್ ಬೇಡ ಅಂದರೆ 18% ಜಿಎಸ್‌ಟಿ ಉಳಿಯುತ್ತೆ ಅಂತಾರೆ.

ಉಳಿಯುವುದು ಅಂಗಡಿಯವರಿಗೆ. ಬಿಲ್ ಇಲ್ಲದೆ ಹೋದರೆ ಸರ್ವಿಸ್ ಸೆಂಟರ್‌ನಲ್ಲಿ ವಾರಂಟಿ ಕೇಳಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಬಿಲ್ ತಗೊಳ್ಳಿ, ಪ್ರತಿ ಪಾರ್ಟ್‌ನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ, ಅಲ್ಲೇ ನಿಂತು ಡಬ್ಬದ ಜೊತೆ ತಾಳೆ ನೋಡಿ.