ಬೇಸಿಗೆ ರಜೆಯಲ್ಲಿ ಜೈಸಲ್ಮೇರ್‌ಗೆ ಹೋಗಬಹುದಾ? ಮರಳು, ಕೋಟೆ ಬಿಟ್ರೆ ಅಲ್ಲಿ ಏನಿದೆ?

ನೀವು ಕೇಳಿರೋದು ಇಷ್ಟು: ಊರು ತುಮಕೂರು, ಮಕ್ಕಳಿಗೆ ಏಪ್ರಿಲ್-ಮೇ ರಜ, ಅತ್ತೆ ಮಾವನೂ ಜೊತೆಗೆ ಬರ್ತಾರೆ, ಪಾವಗಡದ ಬಿಸಿಲು ಕಂಡವರಿಗೆ ಜೈಸಲ್ಮೇರ್ ಬಿಸಿಲು ಏನು ಮಾಡತ್ತೆ, ಆಮೇಲೆ ಅಲ್ಲಿ ಪ್ರಾಣಿ ಪಕ್ಷಿ ಏನಾದ್ರೂ ಇದೆಯಾ ಇಲ್ಲ ಬರೀ ಮರಳಾ ಅಂತ. ನಾನು ಶಿರಾ ಕಡೆಯವನು, ವಿಂಡ್‌ಮಿಲ್ ಮೇಂಟೆನೆನ್ಸ್ ಕೆಲಸ, ಅದೇ ಕೆಲಸದ ಮೇಲೆ ಕೆಲವು ವರ್ಷ ಜೈಸಲ್ಮೇರಲ್ಲಿ ಬಾಡಿಗೆ ಮನೆ ಮಾಡ್ಕೊಂಡಿದ್ದೆ. ಗೊತ್ತಿರೋದು ಹೇಳ್ತೀನಿ.

ಮೇ ತಿಂಗಳು ಬೇಡ. ವಯಸ್ಸಾದವರನ್ನ ಕರ್ಕೊಂಡಂತೂ ಬೇಡವೇ ಬೇಡ.

ಪಾವಗಡದ ಲೆಕ್ಕ ಅಲ್ಲಿಗೆ ಹೊಂದಲ್ಲ ಸಾರ್. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್ ಮೇಲಿದೆ, ಜೈಸಲ್ಮೇರ್ 200 ಚಿಲ್ರೆ ಮೀಟರ್ ಅಷ್ಟೇ. ನಮ್ಮಲ್ಲಿ ಎಷ್ಟೇ ಕಾದ್ರೂ ಏಪ್ರಿಲ್ ಕೊನೆಗೋ ಮೇಗೋ ಗುಡುಗು ಮಳೆ ಒಂದು ಬಿದ್ದು ಸಂಜೆ ತಣ್ಣಗಾಗತ್ತೆ, ಅಲ್ಲಿ ಮಳೆಗಾಲ ಕಾಲಿಡೋದೇ ಜುಲೈಗೆ, ಸೆಪ್ಟೆಂಬರ್ ಮಧ್ಯಕ್ಕೆ ಗಂಟು ಕಟ್ಕೊಂಡು ಹೊರಟೂ ಹೋಗತ್ತೆ. ವರ್ಷಕ್ಕೆಲ್ಲ ಸೇರಿ ಸುಮಾರು 200 ಮಿಲಿಮೀಟರ್ ಮಳೆ, ಬರಕ್ಕೆ ಹೆಸರಾದ ನಮ್ಮ ಪಾವಗಡದಲ್ಲೇ ಅದರ ಎರಡು ಪಟ್ಟು ಮೀರಿ ಬೀಳತ್ತೆ. ಅರಾವಳಿ ಬೆಟ್ಟ ಇದೆಯಲ್ಲ ಅಂತ ಕೆಲವರು ಕೇಳ್ತಾರೆ, ಇದೆ, ಆದ್ರೆ ಅದು ಅರಬ್ಬಿ ಸಮುದ್ರದ ಮಳೆಗಾಳಿ ಹೋಗೋ ದಿಕ್ಕಿಗೇ ಉದ್ದಕ್ಕೆ ಮಲಗಿದೆ, ನಮ್ಮ ಪಶ್ಚಿಮ ಘಟ್ಟದ ಹಂಗೆ ಅಡ್ಡ ನಿಂತು ಮೋಡ ತಡೆಯಲ್ಲ.

ಮೇ ಜೂನ್‌ನಲ್ಲಿ 42-43 ಡಿಗ್ರಿ ಮಾಮೂಲಿ. ಜೋಧ್‌ಪುರದಿಂದ ಜೈಸಲ್ಮೇರ್‌ಗೆ ಹೋಗೋ ಟ್ರೇನ್ ದಾರೀಲಿ ಫಲೋದಿ ಅಂತ ಊರು ಸಿಗತ್ತೆ, 2016ರ ಮೇ 19ಕ್ಕೆ ಅಲ್ಲಿ 51 ಡಿಗ್ರಿ ದಾಖಲಾಗಿತ್ತು, ದೇಶಕ್ಕೇ ದಾಖಲೆ. ಅದರ ಮೇಲೆ ಲೂ ಅನ್ನೋ ಬಿಸಿಗಾಳಿ, ಮಧ್ಯಾಹ್ನ ಬೈಕಲ್ಲಿ ಹೋದ್ರೆ ಓಪನ್ ಇಟ್ಟ ಒಲೆ ಮುಂದೆ ಮುಖ ಹಿಡ್ದಂಗೆ. ಬೆವರು ಬಂದಿದ್ದೇ ಗೊತ್ತಾಗಲ್ಲ, ಬಂದಂಗೇ ಆರಿಹೋಗತ್ತೆ, ಅದಕ್ಕೇ ಜನ ನೀರು ಕುಡಿಯೋದು ಮರೆತು ಸುಸ್ತಾಗಿ ಬೀಳೋದು. ಯಾವತ್ತಾದ್ರೂ ಸಂಜೆ ಆಂಧಿ ಎದ್ರೆ, ಅಂದ್ರೆ ಧೂಳಿನ ಬಿರುಗಾಳಿ, ಕಿಟಕಿ ಎಷ್ಟು ಮುಚ್ಚಿದ್ರೂ ಬೆಳಿಗ್ಗೆ ಹಾಸಿಗೆ ಮೇಲೆ ಒಂದು ಪದರ ಮಣ್ಣು.

ಹೋಗೋದಾದ್ರೆ ನವೆಂಬರಿಂದ ಫೆಬ್ರವರಿ. ಮಕ್ಕಳ ಸ್ಕೂಲ್ ಬಿಡಲ್ಲ ಅಂದ್ರೆ ದಸರಾ ರಜೆ ನಡೆಯತ್ತೆ, ಅಕ್ಟೋಬರಲ್ಲಿ ಮಧ್ಯಾಹ್ನ 35 ದಾಟಬಹುದು, ಬೆಳಿಗ್ಗೆ ಸಂಜೆ ಓಡಾಡಿ ಮಧ್ಯಾಹ್ನ ಮಲಗಿದ್ರಾಯ್ತು. ಡಿಸೆಂಬರ್ ಜನವರಿಗೆ ಹೋದ್ರೆ ಇನ್ನೊಂದು ಪಾಠ, ಗಾಳೀಲಿ ತೇವ ಇಲ್ಲ, ಮೋಡ ಇಲ್ಲ, ಹಗಲು ಕಾದ ಮರಳು ರಾತ್ರಿ ಬೇಗ ಆರಿಬಿಡತ್ತೆ, 7-8 ಡಿಗ್ರಿಗೆ ಇಳಿಯೋದು ಸಾಮಾನ್ಯ, ಕೆಲವು ದಿನ ಇನ್ನೂ ಕೆಳಗೆ. ಮರಳುಗಾಡು ಅಂತ ಬರೀ ಕಾಟನ್ ಬಟ್ಟೆ ತುಂಬ್ಕೊಂಡು ಬಂದು ಟೆಂಟಲ್ಲಿ ನಡುಗೋ ಬೆಂಗಳೂರು ಪಾರ್ಟಿಗಳನ್ನ ಬೇಕಾದಷ್ಟು ನೋಡಿದೀನಿ. ಸ್ವೆಟರ್, ಮಫ್ಲರ್ ಎರಡೂ ಇರ್ಲಿ.

ಈಗ ಪ್ರಾಣಿ ವಿಷಯ, ನನಗೆ ಇಷ್ಟವಾದದ್ದು. ಟ್ರಾವೆಲ್ಸ್‌ನವರು ನಿಮ್ಮನ್ನ ಸೀದಾ ಸಮ್ ಮರಳ ದಿಬ್ಬಕ್ಕೆ ಕರ್ಕೊಂಡು ಹೋಗ್ತಾರೆ, ಊರಿಂದ 40 ಕಿಲೋಮೀಟರ್, ಒಂಟೆ, ಜೀಪು, ಡಿಜೆ, ಮುಗೀತು. ಒಂದು ಸಂಜೆಗೆ ಅದು ಸಾಕು. ಮಿಕ್ಕ ಟೈಮು ಕುರುಚಲು ಬಯಲಿಗೆ ಕೊಡಿ. ಅಲ್ಲಿರೋ ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿಲೋಮೀಟರ್, ಬಹುಪಾಲು ಮರಳ ಗುಡ್ಡ ಅಲ್ಲ, ಸೇವಣ್ ಹುಲ್ಲು, ಕಲ್ಲು ನೆಲ, ಅಲ್ಲೊಂದು ಇಲ್ಲೊಂದು ಮರ. ಮೊದಲ ಸಲ ನೋಡಿದಾಗ ನನಗೆ ಬುಕ್ಕಾಪಟ್ಟಣದ ಕಾವಲ್ ನೆನಪಾಯ್ತು, ಅದಕ್ಕೆ ಕಾರಣವೂ ಇದೆ. ಅಲ್ಲಿ ಓಡಾಡೋ ಚಿಂಕಾರ, ಅಂದ್ರೆ ಒಂದು ಜಾತಿ ಸಣ್ಣ ಹುಲ್ಲೆ, ನಮ್ಮ ಶಿರಾ ತಾಲ್ಲೂಕಲ್ಲೂ ಇದೆ, ಅದಕ್ಕಂತಲೇ 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮ ಮಾಡಿದ್ದು. ನಮ್ಮೋರಲ್ಲಿ ಅರ್ಧ ಜನಕ್ಕೆ ಮೈದೇನಹಳ್ಳಿ ಕೃಷ್ಣಮೃಗ ಗೊತ್ತು, ಇದು ಗೊತ್ತಿಲ್ಲ. ಇಲ್ಲಿ ಅದನ್ನ ನೋಡೋದು ಕಷ್ಟ, ಕಾಡೊಳಗೆ ಕಣ್ಣಿಗೇ ಬೀಳಲ್ಲ, ಅಲ್ಲಿ ರಸ್ತೆ ಪಕ್ಕದಲ್ಲೇ ಮೇಯ್ತಾ ನಿಂತಿರತ್ತೆ.

ಮುಖ್ಯವಾಗಿ ನೋಡಬೇಕಾದ್ದು ಎರ್ಲಡ್ಡು ಹಕ್ಕಿ, ಇಂಗ್ಲಿಷಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ರಾಜಸ್ಥಾನದವರು ಗೋಡಾವಣ್ ಅಂತಾರೆ, ಅವರ ರಾಜ್ಯಪಕ್ಷಿ. ಗಂಡು ಹಕ್ಕಿ 15 ಕೆಜಿವರೆಗೂ ತೂಗತ್ತೆ, ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ನೆಲದ ಮೇಲೆ. ಇಡೀ ದೇಶದಲ್ಲಿ ಇನ್ನೂರೂ ಉಳಿದಿಲ್ಲ, ಇರೋದರಲ್ಲಿ ಹೆಚ್ಚು ಕಮ್ಮಿ ಎಲ್ಲಾ ಜೈಸಲ್ಮೇರ್ ಸುತ್ತಲೇ, ನಮ್ಮ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು. ನಮ್ಮ ಫೀಲ್ಡ್‌ನವರಿಗೆ ಇರಿಸುಮುರಿಸಿನ ವಿಷಯ ಏನಂದ್ರೆ ಅದನ್ನ ಈಗ ಕೊಲ್ತಿರೋದು ದೊಡ್ಡ ಮಟ್ಟಿಗೆ ಕರೆಂಟ್ ತಂತಿ, ಅದಕ್ಕೆ ಎದುರಿಗಿರೋದು ಸರಿಯಾಗಿ ಕಾಣಲ್ಲ, ಭಾರ ಬೇರೆ, ತಟ್ ಅಂತ ತಿರುಗೋಕಾಗಲ್ಲ, ಹೋಗಿ ಹೊಡ್ಕೊಳತ್ತೆ. ಅದು ಇರೋ ಜಾಗದಲ್ಲಿ ಲೈನ್ ನೆಲದೊಳಗೆ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2024ರಲ್ಲಿ ಅದನ್ನ ಸಡಿಲಿಸಿ ತಜ್ಞರ ಸಮಿತಿಗೆ ಬಿಡ್ತು. ವಿಂಡು ಸೋಲಾರು ಬೇಕು, ನನ್ನ ಅನ್ನವೇ ಅದು, ಆದ್ರೆ ಆ ಕೆಲವು ತಾಲ್ಲೂಕಲ್ಲಾದ್ರೂ ಖರ್ಚಾದ್ರೆ ಆಗ್ಲಿ ಅಂತ ನೆಲದೊಳಗೆ ಹಾಕ್ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಆ ಪಾರ್ಕಿನ ಸುದಾಸರಿ ಕಡೆ ಅರಣ್ಯ ಇಲಾಖೆ ಪರ್ಮಿಷನ್ ತಗೊಂಡು ಬೆಳಿಗ್ಗೆ ಬೇಗ ಹೋಗಿ. ಎರ್ಲಡ್ಡು ಸಿಗಲೇಬೇಕು ಅಂತ ಹಟ ಬೇಡ, ಸಿಗದಿದ್ರೂ ನರಿ, ರಣಹದ್ದು ಸಿಗತ್ತೆ, ಚಳಿಗಾಲಕ್ಕೆ ಹೊರದೇಶದಿಂದ ಬರೋ ಹದ್ದುಗಳೂ ಇರ್ತವೆ. ಸಾಂಡಾ ಅಂತ ಮುಳ್ಳುಬಾಲದ ದಪ್ಪ ಹಲ್ಲಿ ಜಾತಿ ಒಂದಿದೆ, ಹುಲ್ಲು ಸೊಪ್ಪು ತಿನ್ನೋದು, ಅದು ಮಾತ್ರ ಚಳಿಗೆ ಬಿಲದೊಳಗೆ ಮಲಗಿಬಿಡತ್ತೆ, ದಸರಾಕ್ಕೆ ಹೋದ್ರೆ ಕಂಡರೂ ಕಾಣಬಹುದು. ಫಲೋದಿ ಹತ್ರ ಖೀಚನ್ ಹಳ್ಳಿಗೆ ಚಳಿಗಾಲದಲ್ಲಿ ಸಾವಿರಗಟ್ಟಲೆ ಕುರ್ಜಾ ಕೊಕ್ಕರೆ ಬರ್ತವೆ, ಊರಿನವರೇ ದಿನಾ ಕಾಳು ಹಾಕ್ತಾರೆ. ಮಕ್ಕಳಿಗೆ ತೋರಿಸಿ, ಒಂಟೆ ಸವಾರಿಗಿಂತ ಖುಷಿ ಪಡ್ತಾರೆ.

ಊಟಕ್ಕೆ ಕೂತಾಗ ಕೇರ್ ಸಾಂಗ್ರಿ ಪಲ್ಯ ತಿನ್ನಿ, ಆ ಸಾಂಗ್ರಿ ಅನ್ನೋದು ನಾವು ವಿಜಯದಶಮಿಗೆ ಪೂಜೆ ಮಾಡೋ ಬನ್ನಿ ಮರದ ಕಾಯಿ. ನಾವು ಸುತ್ತು ಹಾಕಿ ಕೈ ಮುಗಿದು ಬರ್ತೀವಿ, ಅವರು ಒಣಗಿಸಿಟ್ಟು ವರ್ಷವಿಡೀ ಅಡುಗೆ ಮಾಡ್ತಾರೆ, ಸೊಪ್ಪು ಮೇಕೆಗೆ. ಇದೇ ಮರ ಕಡೀಬೇಡಿ ಅಂತ 1730ರಲ್ಲಿ ಜೋಧ್‌ಪುರದ ಹತ್ರ ಖೇಜಡ್ಲಿಯಲ್ಲಿ 363 ಬಿಷ್ಣೋಯಿ ಜನ ಪ್ರಾಣ ಕೊಟ್ರು. ಇನ್ನು ನಮ್ಮ ಕೆರೆ ಅಂಗಳ ತಿಂದು ಹಾಕಿರೋ ಬಳ್ಳಾರಿ ಜಾಲಿ ಅಲ್ಲೂ ಅಷ್ಟೇ ಹಬ್ಬಿದೆ, ಬೈಗುಳವೂ ಸೇಮ್.

ಕೋಟೆ ಬಗ್ಗೆ ಎಲ್ಲಾ ಕಡೆ ಸಿಗತ್ತೆ, ಚಿಕ್ಕದಾಗಿ ಹೇಳ್ತೀನಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು, ಹಳದಿ ಕಲ್ಲು, ಸಂಜೆ ಬಿಸಿಲಲ್ಲಿ ಚಿನ್ನದ ಬಣ್ಣ, ಒಳಗೆ ಇವತ್ತಿಗೂ ಜನ ಸಂಸಾರ ಮಾಡ್ತಿದಾರೆ. ಜೈನ ಬಸದಿ ಬಿಡ್ಬೇಡಿ, ಬೆಳಿಗ್ಗೆಯೇ ಹೋಗಿ. ಉಳಿಯೋದು ಮಾತ್ರ ಕೋಟೆ ಒಳಗೆ ಬೇಡ ಅಂತೀನಿ, ಮಳೆಯೇ ಇಲ್ಲದ ಊರಿಗೆ ಅಂತ ಕಟ್ಟಿದ ಕೋಟೆ ಅದು, ಈಗ ಹೋಟೆಲ್ ಬಾತ್‌ರೂಮಿನ ನೀರು ಅಡಿಪಾಯಕ್ಕೆ ಇಳಿದು ಕೆಲವು ಬುರುಜು ಕುಸಿದಿವೆ. ಕೆಳಗಡೆ ರೂಮ್ ಮಾಡಿದ್ರೆ ಕೋಟೆ ಪೂರ್ತಿ ಕಾಣತ್ತೆ ಕೂಡ. ಪಟ್ವಾ ಹವೇಲಿ ನೋಡಿ, ಗಡಿಸರ್ ಕೆರೆಗೆ ಬೆಳಿಗ್ಗೆ ಹೋಗಿ, ಒಂದು ಕಾಲಕ್ಕೆ ಊರಿಗೆಲ್ಲ ಅದೇ ನೀರು. ಕುಲ್ಧರಾ ಅಂತ ಪಾಲಿವಾಲ ಬ್ರಾಹ್ಮಣರು ಬಿಟ್ಟುಹೋದ ಹಳ್ಳಿ ಇದೆ, ಗೈಡು ದೆವ್ವದ ಕತೆ ಹೊಡೀತಾನೆ, ಅದನ್ನ ಬಿಟ್ಟು ಆ ಬೀದಿಗಳನ್ನ ನೋಡಿ, ಎಷ್ಟು ನೀಟಾಗಿ ಊರು ಹಾಕಿದ್ರು ಅಂತ. ಬಾಡ್‌ಮೇರ್ ರಸ್ತೇಲಿ ಆಕಲ್ ಪಳೆಯುಳಿಕೆ ಉದ್ಯಾನ ಇದೆ, 18 ಕೋಟಿ ವರ್ಷದ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ, ಈಗಿನ ಮರುಭೂಮಿ ಆಗ ಕಾಡಾಗಿತ್ತು. ಜನ ಯಾರೂ ಇರಲ್ಲ, ದೊಡ್ಡೋರಿಗೆ ಬೋರ್ ಆಗಬಹುದು, ಕಲ್ಲು ಮಣ್ಣು ಇಷ್ಟ ಇರೋ ಮಕ್ಕಳಿಗೆ ಹಬ್ಬ. ಮಾವನವರಿಗೆ ಮಿಲಿಟರಿ ವಿಷಯ ಇಷ್ಟ ಅಂದ್ರೆ ಒಂದು ದಿನ 1971ರ ಯುದ್ಧ ನಡೆದ ಲೋಂಗೇವಾಲಾ, ತನೋಟ್ ಮಾತಾ ಗುಡಿಗೆ ಇಟ್ಕೊಳ್ಳಿ, ಗುಡಿ ನೋಡ್ಕೊಳ್ಳೋದು ಬಿಎಸ್‌ಎಫ್‌ನವರು.

ಬೆಂಗಳೂರಿಂದ ಹುಬ್ಬಳ್ಳಿ ಮೇಲೆ ಜೋಧ್‌ಪುರಕ್ಕೆ ಹೋಗೋ ಟ್ರೇನ್ ನಮ್ಮ ತುಮಕೂರು ಮೇಲೇ ಹೋಗತ್ತೆ, ಎರಡು ರಾತ್ರಿ ಪ್ರಯಾಣ, ಅಲ್ಲಿಂದ ಇನ್ನೊಂದು ಐದಾರು ಗಂಟೆ. ಅತ್ತೆ ಮಾವನಿಗೆ ಜೋಧ್‌ಪುರದಲ್ಲಿ ಒಂದು ದಿನ ರೆಸ್ಟ್ ಕೊಡಿ. ಡಿಸೆಂಬರ್ ಕೊನೇ ವಾರ ಬುಕ್ ಮಾಡ್ಬೇಡಿ, ಟೆಂಟ್ ರೇಟು ಬಾಯಿಗೆ ಬಂದಂಗೆ ಹೇಳ್ತಾರೆ. ಸಮ್ ಗಲಾಟೆ ಬೇಡ ಅನ್ಸಿದ್ರೆ ಖುರಿ ದಿಬ್ಬಕ್ಕೆ ಹೋಗಿ, ದೂರ ಹೆಚ್ಚು ಕಮ್ಮಿ ಅಷ್ಟೇ, ಮಾಂಗಣಿಯಾರ್ ಹಾಡುಗಾರರು ಸಿಕ್ಕಿದ್ರೆ ಮೈಕ್ ಇಲ್ಲದೆ ಹಾಡೋಕೆ ಹೇಳಿ.