ಬೆಳಗಿನ ವಾಕಿಂಗ್ ಕೆಡುತ್ತಿದ್ದುದು ರಾತ್ರಿಯಲ್ಲಿ

ವಯಸ್ಸು 44. ಖಾಸಗಿ ಕಂಪನಿಯೊಂದರಲ್ಲಿ ತಂಡದ ಮುಖ್ಯಸ್ಥರು. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಆಪ್ತಸಲಹೆಗೆಂದು ನನ್ನ ಬಳಿ ಅವರು ಬಂದದ್ದು ಆರೋಗ್ಯದ ಮಾತಾಡಲು ಅಲ್ಲ. "ಮನೇಲಿ ದಿನಾ ಜಗಳ ಮೇಡಂ. ಅವಳೇ ಕಳಿಸಿದ್ದು" ಎನ್ನುತ್ತಾ ಕುಳಿತರು. ಜಗಳ ಯಾವುದಕ್ಕೆ ಎಂದು ಕೇಳಿದರೆ ಒಂದು ಫೈಲ್ ಮುಂದಿಟ್ಟರು. ಎಚ್‌ಬಿಎ1ಸಿ 6.1. ರಕ್ತದೊತ್ತಡ 138/88. ತೂಕ 82 ಕೆ.ಜಿ. ಎಚ್‌ಬಿಎ1ಸಿ ಎಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ. ಅದು 5.7ರಿಂದ 6.4ರ ಒಳಗಿದ್ದರೆ ಡಯಾಬಿಟಿಸ್‌ಗೆ ಮುಂಚಿನ ಹಂತ. 6.5 ಮುಟ್ಟಿದರೆ ಡಯಾಬಿಟಿಸ್. ಡಾಕ್ಟರ್ ಮಾತ್ರೆ ಬರೆದಿರಲಿಲ್ಲ. ಊಟ, ನಡಿಗೆ, ನಿದ್ದೆ ಸರಿಮಾಡಿಕೊಂಡು ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದರು. ಹಾಗೆ ಹೇಳಿ ವರ್ಷವಾಗಿತ್ತು.

"ಗೊತ್ತಿಲ್ಲ ಅಂತಲ್ಲ ಮೇಡಂ, ಎಲ್ಲಾ ಗೊತ್ತು" ಎಂದರು. ನಿಜವೇ. ಯಾವುದು ತಿನ್ನಬೇಕು, ಯಾವುದು ಬಿಡಬೇಕು, ಎಷ್ಟು ಹೆಜ್ಜೆ ನಡೆಯಬೇಕು, ಎಲ್ಲದರ ಮೇಲೂ ವಿಡಿಯೋ ನೋಡಿದ್ದರು. ಇಂಥವರಿಗೆ ನಾನೂ ಒಂದು ಉಪದೇಶ ಕೊಟ್ಟರೆ ಗೌರವದಿಂದ ತಲೆಯಾಡಿಸಿ ಎದ್ದು ಹೋಗುತ್ತಾರೆ, ಅಷ್ಟೇ.

ಆಮೇಲೆ ಫೋನ್ ತೆಗೆದು ಬೆಳಗಿನ ವಾಕಿಂಗ್‌ಗೆ ಇಟ್ಟ ಅಲಾರಂಗಳನ್ನು ತೋರಿಸಿದರು. 5:00, 5:05, 5:10, 5:20, 5:30. ಕೊನೆಯದಕ್ಕೆ "ಸಾಕು, ಏಳು" ಅಂತ ಹೆಸರು ಬೇರೆ. "ಎಲ್ಲಾನೂ ಆಫ್ ಮಾಡಿ 6:45ಕ್ಕೆ ಏಳ್ತೀನಿ. ಎದ್ದ ತಕ್ಷಣ, ಇವತ್ತೂ ಸೋತೆ ಅನ್ಸುತ್ತೆ." ಈ ಮಾತನ್ನು ಬರೆದಿಟ್ಟುಕೊಂಡೆ. ಹಾಸಿಗೆಯಲ್ಲೇ ಸೋತವರು ಮಧ್ಯಾಹ್ನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರಾ? ಹೇಗೂ ಇವತ್ತಿನದು ಕೆಟ್ಟಿತು, ನಾಳೆ ನೋಡಿದರಾಯ್ತು ಅಂತ ಸುಮ್ನಾಗುತ್ತಾರೆ. ಅವರೂ ಅದನ್ನೇ ಮಾಡುತ್ತಿದ್ದರು.

ಮನಶ್ಶಾಸ್ತ್ರಜ್ಞರಾದ ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್ನಿಕ್ ರೂಪಿಸಿದ, ಬದಲಾಗಲು ಕಾರಣವನ್ನು ಎದುರಿನವರ ಬಾಯಿಂದಲೇ ಹೊರಡಿಸುವ ಒಂದು ಸಂದರ್ಶನ ವಿಧಾನವಿದೆ. ಅದರಲ್ಲಿ ಬಳಸುವ ಎರಡು ಪ್ರಶ್ನೆ ಕೇಳಿದೆ. ಆರೋಗ್ಯ ನಿಮಗೆ ಎಷ್ಟು ಮುಖ್ಯ, ಹತ್ತಕ್ಕೆ ಎಷ್ಟು? "ಒಂಬತ್ತು." ಬದಲಾಯಿಸಿಕೊಳ್ಳಬಲ್ಲೆ ಎಂಬ ನಂಬಿಕೆ? "ಮೂರು." ಇಲ್ಲಿ ಎಲ್ಲರಿಗೂ ಬಾಯಿಗೆ ಬರುವ ಪ್ರಶ್ನೆ, ಯಾಕೆ ಅಷ್ಟು ಕಡಿಮೆ ಅಂತ. ಹಾಗೆ ಕೇಳಿದರೆ ನೆಪಗಳ ಪಟ್ಟಿ ಸಿಗುತ್ತದೆ. ಅದಕ್ಕೇ ತಿರುಗಿಸಿ ಕೇಳಬೇಕು. ಸೊನ್ನೆ ಯಾಕಲ್ಲ? ಮೂರಾದರೂ ಎಲ್ಲಿಂದ ಬಂತು?

ಸ್ವಲ್ಪ ಹೊತ್ತು ಯೋಚಿಸಿದರು. ಹಿಂದೊಮ್ಮೆ ಬೇರೆ ಊರಿಗೆ ತರಬೇತಿಗೆ ಹೋಗಿದ್ದಾಗ ಪ್ರತಿದಿನ ನಡೆದಿದ್ದರಂತೆ. ಅಲಾರಂ ಇಲ್ಲದೆ ಎಚ್ಚರ ಆಗುತ್ತಿತ್ತಂತೆ. ಅಲ್ಲಿ ಏನು ಬೇರೆ ಇತ್ತು ಎಂದೆ. "ಸಂಜೆ ಆರಕ್ಕೆ ಮುಗೀತಿತ್ತು. ಆಮೇಲಿನ ಟೈಮ್ ನಂದೇ. ಹತ್ತಕ್ಕೆ ನಿದ್ದೆ ಬಂದುಬಿಡ್ತಿತ್ತು."

ಈಗಿನ ರಾತ್ರಿ ಹೇಗಿರುತ್ತದೆ, ಗಂಟೆ ಗಂಟೆಯದ್ದು ಹೇಳಿ ಎಂದೆ. ಏಳಕ್ಕೆ ಮನೆ. ಎಂಟರಿಂದ ಒಂಬತ್ತೂವರೆ ಆಫೀಸಿನ ಕಾಲ್. ಅದಾದ ಮೇಲೆ ಊಟ, ಮಕ್ಕಳ ಪಾಠ, ಬಿಲ್ಲು, ನಾಳೆಯ ಕೆಲಸ. ಹನ್ನೊಂದಕ್ಕೆ ಎಲ್ಲರೂ ಮಲಗುತ್ತಾರೆ. ಇವರು ಹಾಲ್‌ನಲ್ಲಿ ದೀಪ ಆರಿಸಿ, ಸೋಫಾ ಮೇಲೆ ಉದ್ದಕ್ಕೆ ಮಲಗಿ, ಎದೆ ಮೇಲೆ ಫೋನ್ ಇಟ್ಟುಕೊಂಡು ಒಂದು ಗಂಟೆ, ಒಂದೂಕಾಲು ತನಕ ವಿಡಿಯೋ ನೋಡುತ್ತಾರೆ. ಏನು ನೋಡ್ತೀರಿ?

"ನೆನಪೇ ಇರಲ್ಲ ಮೇಡಂ. ಆದ್ರೆ ಆ ಹೊತ್ತಲ್ಲಿ ಯಾರೂ ನನ್ನ ಏನೂ ಕೇಳಲ್ಲ."

ಗಂಟು ಇದ್ದದ್ದು ಇಲ್ಲೇ. ಇಡೀ ದಿನದಲ್ಲಿ ಅವರದ್ದು ಅನ್ನಿಸುವ ಹೊತ್ತು ಅದೊಂದೇ. ಅದನ್ನು ಸೋಮಾರಿತನ, ಫೋನ್ ಚಟ ಎಂದು ಬೈದರೆ ಅವರು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಒಂದೂಕಾಲಿಗೆ ಮಲಗಿ ಐದಕ್ಕೆ ಎದ್ದರೆ ನಾಲ್ಕು ಗಂಟೆಯೂ ನಿದ್ದೆಯಾಗುವುದಿಲ್ಲ. ವಯಸ್ಕರಿಗೆ ಕಡಿಮೆಯೆಂದರೂ ಏಳು ಗಂಟೆ ಬೇಕು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ನ ಕೆಲಸವೂ ಕುಂಟುತ್ತದೆ. ಅಂದರೆ ಸಕ್ಕರೆ ಇಳಿಸಲು ಇಟ್ಟ ಅಲಾರಂ ಸಕ್ಕರೆ ಏರಿಸುವ ಹಾಗಿತ್ತು. "ನಿಮ್ಮ ದೇಹ ಆ ಅಲಾರಂ ಮಾತು ಕೇಳದೇ ಇದ್ದದ್ದೇ ಒಳ್ಳೇದಾಯ್ತು" ಎಂದಾಗ ಮೊದಲ ಸಲ ನಕ್ಕರು.

ಮುಂದಿನ ಭೇಟಿಗೆ ಹೆಂಡತಿಯೂ ಬಂದರು. ಒಂದು ವರ್ಷದಿಂದ ಗಂಡನ ತಟ್ಟೆ ಕಾದು ಕಾದು ಸುಸ್ತಾಗಿದ್ದರು. "ನಾನು ಹೇಳದಿದ್ರೆ ಇವರು ಏನೂ ಮಾಡಲ್ಲ." ಹೇಳಿದ್ದಕ್ಕೆ ಏನಾದರೂ ಮಾಡಿದ್ದಾರಾ ಎಂದು ಕೇಳಿದೆ. ಇಬ್ಬರೂ ಸುಮ್ಮನಾದರು. ಕಾಯುವವರು ಒಬ್ಬರಿದ್ದರೆ ತಪ್ಪಿಸಿಕೊಳ್ಳುವವರು ಇನ್ನೊಬ್ಬರು. ಆರೋಗ್ಯ ಗಂಡನದ್ದಾದರೂ ಜವಾಬ್ದಾರಿ ಹೆಂಡತಿಯ ತಲೆ ಮೇಲೆ ಬಿದ್ದಿತ್ತು. ನಿಮ್ಮ ಕೊನೆಯ ತಪಾಸಣೆ ಯಾವಾಗ ಎಂದು ಆಕೆಯನ್ನು ಕೇಳಿದರೆ, "ನಂದಾ?" ಎಂದರು. ಚಿಕ್ಕ ಮಗು ಹುಟ್ಟಿದ ಮೇಲೆ ಒಮ್ಮೆಯೂ ಆಗಿರಲಿಲ್ಲ.

ಆಕೆ ಹೇಳಿದ ಇನ್ನೊಂದು ಮಾತು ಮುಖ್ಯವಾಗಿತ್ತು. ಇವರದ್ದು ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗಾಗಿ ಬೆಚ್ಚಿ ಎಳೆದುಕೊಳ್ಳುತ್ತಾರಂತೆ. ಅದು ಆಪ್ತಸಲಹೆಗೆ ಸೇರಿದ್ದಲ್ಲ. ನಿದ್ದೆಯಲ್ಲಿ ಉಸಿರು ತಡೆಯುವ ತೊಂದರೆ ಇದ್ದರೆ ರಕ್ತದೊತ್ತಡ ಏರುತ್ತದೆ, ಎಷ್ಟು ಮಲಗಿದರೂ ಹಗಲು ತೂಕಡಿಕೆ ಹೋಗುವುದಿಲ್ಲ. ಡಾಕ್ಟರಿಗೆ ಚೀಟಿ ಬರೆದು ಕಳಿಸಿದೆ. ಪರೀಕ್ಷೆಯಲ್ಲಿ ಅಲ್ಪ ಪ್ರಮಾಣದ ಸ್ಲೀಪ್ ಆಪ್ನಿಯಾ ಇದೆ ಎಂದು ಬಂತು. ಮಗ್ಗುಲಾಗಿ ಮಲಗಿ, ತೂಕ ಇಳಿಸಿ, ಮತ್ತೆ ನೋಡೋಣ ಎಂದರಂತೆ.

ಇನ್ನು ಕೊಟ್ಟ ಸಲಹೆ. ಆರೋಗ್ಯಕ್ಕೆ ಮೊದಲ ಜಾಗ ಕೊಡುತ್ತೇನೆ ಎನ್ನುವವರನ್ನೆಲ್ಲ ನಾನು ಕೇಳುವುದು ಒಂದೇ: ಹಾಗಾದರೆ ಯಾವುದನ್ನು ಕೆಳಗಿಳಿಸುತ್ತೀರಿ? ದಿನದಲ್ಲಿರುವುದು 24 ಗಂಟೆಯೇ ಅಲ್ವಾ. ಇರುವುದನ್ನೆಲ್ಲ ಇಟ್ಟುಕೊಂಡು ಮೇಲೊಂದು ವಾಕಿಂಗ್ ಸೇರಿಸಿದರೆ ಅದು ನಿದ್ದೆಯನ್ನೇ ತಿನ್ನುತ್ತದೆ. ಇವರು ಬಹಳ ಯೋಚಿಸಿ ಎಂಟು ಗಂಟೆಯ ಕಾಲ್ ಎಂದರು. ವಾರದ ಐದೂ ದಿನ ತಾವೇ ಇರಬೇಕಾ? ಇರಲೇಬೇಕು ಎಂದು ಯಾರೂ ಹೇಳಿರಲಿಲ್ಲ. ಇವರೂ ಕೇಳಿರಲಿಲ್ಲ. ಕೇಳಿದಾಗ ಮೂರು ದಿನ ಕಿರಿಯ ಸಹೋದ್ಯೋಗಿ ನೋಡಿಕೊಳ್ಳಲಿ ಎಂದು ಮೇಲಿನವರು ಒಪ್ಪಿಬಿಟ್ಟರು. ಎಲ್ಲರಿಗೂ ಇಷ್ಟು ಸಲೀಸಾಗಿ ಆಗುವುದಿಲ್ಲ, ಗೊತ್ತು. ಶಿಫ್ಟ್‌ನಲ್ಲಿ ದುಡಿಯುವವರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು ಕೆಳಗಿಳಿಸಲು ಹುಡುಕಿದರೂ ಏನೂ ಸಿಗದೆ ನನ್ನ ಮುಂದೆ ಕೂತದ್ದಿದೆ. ಅಂಥ ಕಡೆ ಮನೆಯವರ ಕೆಲಸ ಹಂಚುವುದರಿಂದಲೇ ಮಾತು ಶುರುಮಾಡಬೇಕಾಗುತ್ತದೆ.

ಬಿಡುವಾದ ಮೂರು ಸಂಜೆ ಎಂಟರಿಂದ ಮುಕ್ಕಾಲು ಗಂಟೆ ಅವರ ಸ್ವಂತದ ಹೊತ್ತು. ಕೋಣೆಯ ಬಾಗಿಲು ಹಾಕಿಕೊಳ್ಳಬಹುದು, ವಿಡಿಯೋ ನೋಡಬಹುದು, ಏನೂ ಮಾಡದೆ ಬಿದ್ದುಕೊಳ್ಳಬಹುದು. ಉಳಿದೆರಡು ಸಂಜೆ ಅಷ್ಟೇ ಹೊತ್ತು ಹೆಂಡತಿಗೆ, ಕಾಲ್ ಮುಗಿದ ಮೇಲೆ. ಇದನ್ನು ವ್ಯಾಯಾಮಕ್ಕಿಂತ ಮೊದಲು ಬರೆಸಿದೆ. ಹಗಲಲ್ಲಿ ತನ್ನ ಹೊತ್ತು ಸಿಗದ ಮನುಷ್ಯ ರಾತ್ರಿ ಕದಿಯದೆ ಇರಲಾರ.

ಐದು ಗಂಟೆಯ ಅಲಾರಂಗಳನ್ನೆಲ್ಲ ಅಲ್ಲೇ ಕೂತು ಅಳಿಸಿದರು. ಏಳುವುದು 6:30ಕ್ಕೆ. ಫೋನ್ ಚಾರ್ಜರ್ ಹಾಲ್‌ನಿಂದ ಅಡುಗೆಮನೆಗೆ ಹೋಯಿತು, ರಾತ್ರಿ ಹನ್ನೊಂದಕ್ಕೆ ಫೋನ್ ಅಲ್ಲಿಗೆ. ಫೋನ್ ಬೇಕೆಂದರೆ ಸೋಫಾದಿಂದ ಎದ್ದು ಹೋಗಿ ಅಡುಗೆಮನೆಯಲ್ಲಿ ನಿಂತು ನೋಡಬೇಕು. ನಿಂತು ಎರಡು ಗಂಟೆ ನೋಡುವುದು ಕಷ್ಟ.

ರಾತ್ರಿ ಊಟ 7:15ಕ್ಕೆ ಬಂತು. ನಡಿಗೆ ಊಟಕ್ಕೇ ಅಂಟಿಕೊಂಡಿತು: ಮಧ್ಯಾಹ್ನ ಊಟವಾದ ಮೇಲೆ 10 ನಿಮಿಷ, ರಾತ್ರಿ ಊಟವಾದ ಮೇಲೆ 15 ನಿಮಿಷ. ಊಟದ ಮೇಲೆ ನಡೆದರೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಏರಿಕೆ ತಗ್ಗುತ್ತದೆ. "ಹತ್ತು ನಿಮಿಷದ್ದು ಲೆಕ್ಕಕ್ಕೆ ಬರುತ್ತಾ ಮೇಡಂ?" ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಇರಬೇಕು ಎಂದಿತ್ತು. 2020ರಲ್ಲಿ ಆ ಷರತ್ತನ್ನೂ ತೆಗೆದುಹಾಕಿತು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಇರಲಿ ಎನ್ನುತ್ತದೆ. ಇವರದ್ದು ಕೂಡಿಸಿದರೆ, ರಜಾದಿನದ ರಾತ್ರಿ ನಡಿಗೆಯೂ ಸೇರಿ, 155. ಬಿರುಸು ಎಷ್ಟಿರಬೇಕು ಅಂದರೆ, ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ತೂಕದ ಗುರಿ ಅವರೇ ಇಟ್ಟುಕೊಂಡಿದ್ದು ಮೂರು ತಿಂಗಳಿಗೆ 15 ಕೆ.ಜಿ. ಅದನ್ನು ಬಿಡಿಸಬೇಕಾಯಿತು. ಅಮೆರಿಕದಲ್ಲಿ ಇವರಂತೆ ಡಯಾಬಿಟಿಸ್‌ನ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಅಲ್ಲಿ ಜೀವನಕ್ರಮ ಬದಲಿಸುವ ಗುಂಪಿಗೆ ಕೊಟ್ಟ ಗುರಿ ತೂಕದ 7 ಶೇಕಡಾ ಇಳಿಕೆ, ವಾರಕ್ಕೆ 150 ನಿಮಿಷ ಚಟುವಟಿಕೆ. ಅಷ್ಟಕ್ಕೇ ಡಯಾಬಿಟಿಸ್ ಬರುವುದು 58 ಶೇಕಡಾ ತಗ್ಗಿತು. ಡಯಾಬಿಟಿಸ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲಿ ತಗ್ಗಿದ್ದು 31 ಶೇಕಡಾ. 82 ಕೆ.ಜಿ.ಗೆ 7 ಶೇಕಡಾ ಅಂದರೆ ಆರು ಕೆ.ಜಿ.ಯೂ ಇಲ್ಲ. ಇದನ್ನು ಕೇಳಿ ಅವರ ಮುಖದಲ್ಲಿ ಬಂದದ್ದು ಸಂತೋಷಕ್ಕಿಂತ ಸಿಟ್ಟು. "ಇಷ್ಟೇನಾ? ನಾನು ಸುಮ್ನೆ ಒಂದು ವರ್ಷ..."

ತಪ್ಪಿದ ದಿನ ಏನು ಮಾಡಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಂಡೆವು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ್ದರು. ಹೊಸ ಅಭ್ಯಾಸ ರೂಢಿಗೆ ಬೀಳಲು ಕೆಲವರಿಗೆ 18 ದಿನ ಸಾಕಾಯಿತು. ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ನಡುವಿನದ್ದು 66. ಒಂದು ದಿನ ತಪ್ಪಿದರೆ ಅಷ್ಟೇನೂ ಕೆಡುವುದಿಲ್ಲ ಎಂದೂ ಅದರಲ್ಲಿ ಕಂಡಿತ್ತು. 21 ದಿನ ಬಿಡದೆ ಮಾಡಿದರೆ ಆಯ್ತು, ತಪ್ಪಿದರೆ ಮತ್ತೆ ಒಂದರಿಂದ ಶುರು ಎಂದು ನಂಬಿದ್ದವರಿಗೆ ಇದು ದೊಡ್ಡ ಬಿಡುಗಡೆ.

ಹೆಂಡತಿಗೆ ಹೇಳಿದ್ದು ಕಷ್ಟದ ಕೆಲಸ. ತಟ್ಟೆ ನೋಡಬೇಡಿ, ನಡೆದ್ರಾ ಅಂತ ಕೇಳಬೇಡಿ. ಭಾನುವಾರ ಒಮ್ಮೆ ಅವರೇ ವಾರದ ಲೆಕ್ಕ ಹೇಳುತ್ತಾರೆ. ಆ ಹೊತ್ತಲ್ಲಿ ಏನು ಬೇಕಾದರೂ ಕೇಳಿ. ರಕ್ತಪರೀಕ್ಷೆಯ ದಿನ ನೆನಪಿಟ್ಟುಕೊಳ್ಳುವುದೂ ಅವರದ್ದೇ ಕೆಲಸ. ಜೊತೆಗೆ ನಿಮ್ಮದೂ ಒಂದು ತಪಾಸಣೆ ಮಾಡಿಸಿ ಎಂದೆ. "ಬಾಯಿ ಕಟ್ಟಿಕೊಂಡು ಇರೋದು ಹೇಗೆ?" ಎಂದು ಗೊಣಗಿದರೂ ಒಪ್ಪಿದರು.

ನಾಲ್ಕು ತಿಂಗಳ ನಂತರದ ವರದಿ: ಎಚ್‌ಬಿಎ1ಸಿ 5.9, ತೂಕ 79, ರಕ್ತದೊತ್ತಡ 130/84. ಮಧ್ಯಾಹ್ನದ ನಡಿಗೆ ವಾರಕ್ಕೆ ಎರಡು ದಿನ ತಪ್ಪುತ್ತದೆ. ಶುಕ್ರವಾರ ರಾತ್ರಿ ಫೋನ್ ಅಡುಗೆಮನೆಗೆ ಹೋಗುವುದೇ ಇಲ್ಲ, ಅದನ್ನು ಇಬ್ಬರೂ ಬಿಟ್ಟುಬಿಟ್ಟಿದ್ದಾರೆ. ಆಕೆಯ ಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದು ಚಿಕಿತ್ಸೆ ಶುರುವಾಗಿದೆ. ಜಗಳ ಪೂರ್ತಿ ನಿಂತಿಲ್ಲ, ಸಕ್ಕರೆಯಿಂದ ಬೇರೆ ವಿಷಯಕ್ಕೆ ಹೋಗಿದೆ.

ಕೊನೆಯ ಭೇಟಿಯಲ್ಲಿ ಜಿಮ್ ಸೇರಲಾ ಎಂದು ಕೇಳಿದರು. ಸ್ನಾಯು ಬಲಪಡಿಸುವ ವ್ಯಾಯಾಮ ವಾರಕ್ಕೆ ಎರಡು ದಿನ ಬೇಕೇ ಬೇಕು, ಆದರೆ ಈಗಲೇ ಬೇಡ ಎಂದೆ. ವರ್ಷದ ಕೊನೆಯ ಎರಡು ತಿಂಗಳು ಅವರ ಆಫೀಸಿನಲ್ಲಿ ಐದೂ ರಾತ್ರಿ ಕಾಲ್ ಇರುತ್ತದೆ. ಆ ಎರಡು ತಿಂಗಳಿಗೆ ಬೇರೆಯೇ ಚೀಟಿ ಬರೆದುಕೊಂಡರು: ಹನ್ನೊಂದಕ್ಕೆ ಫೋನ್ ಅಡುಗೆಮನೆಗೆ, ರಾತ್ರಿ ಊಟದ ಮೇಲೆ ಐದೇ ನಿಮಿಷ ನಡಿಗೆ, ಉಳಿದದ್ದು ಆದರೆ ಆಯ್ತು. ರಕ್ತಪರೀಕ್ಷೆಯ ದಿನವನ್ನು ಅದು ಮುಗಿದ ಮೇಲೆ ಹಾಕಿಕೊಂಡಿದ್ದಾರೆ. ಜಿಮ್ ವಿಷಯ ಆ ವರದಿ ಕೈಗೆ ಬಂದಾಗ ಮಾತಾಡುತ್ತೇವೆ.