ಅಮೆರಿಕದ ಒಂದೇ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅಕ್ಕಪಕ್ಕದ ರೈತರಿಗೆ ಸರ್ಕಾರದ ಸಹಾಯಧನ ಬೇರೆಬೇರೆ ಮೊತ್ತದಲ್ಲಿ ಬರುವುದೇಕೆ?

ಅಲ್ಲಿ ಪ್ರಮುಖ ಬೆಳೆಗಳ ಸಹಾಯಧನವನ್ನು ಲೆಕ್ಕ ಹಾಕುವುದು ಈ ವರ್ಷ ಬಿತ್ತಿದ ಎಕರೆಗಳ ಮೇಲಲ್ಲ, ಹಿಂದಿನ ವರ್ಷಗಳ ಬಿತ್ತನೆಯ ದಾಖಲೆಯಿಂದ ಜಮೀನಿಗೆ ನಿಗದಿಯಾದ ‘ಬೇಸ್ ಎಕರೆ’ಗಳ ಮೇಲೆ. ಹೀಗಾಗಿ ಮೆಕ್ಕೆಜೋಳದ ಬೇಸ್ ಇರುವ ಹೊಲದಲ್ಲಿ ಸೋಯಾ ಬೆಳೆದವರಿಗೂ ಮೆಕ್ಕೆಜೋಳದ ದರ ಕುಸಿದಾಗ ಹಣ ಬರಬಹುದು. ಬೇಸ್ ಇಲ್ಲದ ಹೊಲದಲ್ಲಿ ಅದೇ ಮೆಕ್ಕೆಜೋಳ ಬೆಳೆದ ನೆರೆಯವರಿಗೆ ಅದು ದೊರೆಯದು. ವಿಚಿತ್ರವೆನಿಸಿದರೂ ನಿಯಮ ಇರುವುದೇ ಹೀಗೆ.

ಎರಡನೆಯ ಕಾರಣ ರೈತರು ಮಾಡುವ ಯೋಜನೆಯ ಆಯ್ಕೆ. 2014ರ ಕೃಷಿ ಕಾಯ್ದೆಯು ದರ ಏನೇ ಇದ್ದರೂ ಅದುವರೆಗೆ ಕೊಡುತ್ತಿದ್ದ ನೇರ ಪಾವತಿಯನ್ನು ಕೈಬಿಟ್ಟು ಎರಡು ಯೋಜನೆಗಳನ್ನು ತಂದಿತು. ಮೊದಲನೆಯದಾದ ಪಿಎಲ್‌ಸಿಯಲ್ಲಿ (ದರ ಕುಸಿತದ ನಷ್ಟ ಭರ್ತಿ) ರಾಷ್ಟ್ರೀಯ ಸರಾಸರಿ ದರವು ನಿಗದಿತ ಉಲ್ಲೇಖ ದರಕ್ಕಿಂತ ಇಳಿದಾಗ ವ್ಯತ್ಯಾಸವನ್ನು ಕೊಡುತ್ತಾರೆ. ಇನ್ನೊಂದಾದ ಎಆರ್‌ಸಿ-ಕೌಂಟಿಯಲ್ಲಿ (ಕೌಂಟಿ ಮಟ್ಟದ ಆದಾಯ ಕುಸಿತಕ್ಕೆ ರಕ್ಷಣೆ) ಇಡೀ ಕೌಂಟಿಯ ಸರಾಸರಿ ಇಳುವರಿಯನ್ನೂ ರಾಷ್ಟ್ರೀಯ ದರವನ್ನೂ ಗುಣಿಸಿ ಬಂದ ಆದಾಯವು ಖಾತರಿ ಮಟ್ಟದ ಕೆಳಗೆ ಬಿದ್ದರೆ ಮಾತ್ರ ಪಾವತಿಯಾಗುತ್ತದೆ. ಆಲಿಕಲ್ಲಿನಿಂದ ಒಬ್ಬರ ಹೊಲವಷ್ಟೇ ನೆಲಕಚ್ಚಿದರೆ ಈ ಯೋಜನೆ ನೆರವಿಗೆ ಬರುವುದಿಲ್ಲ, ಅವರಿಗೆ ಬೆಳೆ ವಿಮೆಯೇ ಗತಿ. ಈ ಎರಡರಲ್ಲೂ ಬೇಸ್ ಎಕರೆಗಳ ಶೇ 85ರಷ್ಟಕ್ಕೆ ಮಾತ್ರ ಹಣ ಸಿಗುತ್ತದೆ. ಲೆಕ್ಕ ಎಕರೆಯದೇ ಆದ್ದರಿಂದ ದೊಡ್ಡ ಹಿಡುವಳಿದಾರರ ಪಾಲು ಸಹಜವಾಗಿಯೇ ದೊಡ್ಡದು.